ಕಪ್ಪು ಮೂರು ತೋರಿಸಿಕೊಟ್ಟವರಿಗೂ ಉಳಿದವರಿಗೂ

ಭಾವಗೀತೆಗಳನ್ನು ಪಿಯಾನೋಗೆ ಹೊಂದಿಸಿ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳ ಮೇಲೆ ಬರೆಯುತ್ತಿದ್ದ ನನ್ನ ಪುಸ್ತಕ ಮುಗಿಯಿತು. ಗಾಂಧಿ ಬಜಾರಿನಲ್ಲಿ ರಟ್ಟು ಕಟ್ಟಿಸಿ ಮನೆಗೆ ತಂದಿದ್ದೇನೆ. ಕಳೆದ ಭಾನುವಾರ ನಮ್ಮ ಬೀದಿಯ ಹುಡುಗಿಯೊಬ್ಬಳು, ಹಿಂದೆಂದೂ ಕೇಳಿರದ ಹಾಡಿನ ಪಲ್ಲವಿಯನ್ನು ಪುಟ ನೋಡಿಕೊಂಡೇ ನುಡಿಸಿದಳು. ನಿವೃತ್ತಿಯ ನಂತರ ಸ್ವರಲಿಪಿ ಕಲಿಯಲು ಕುಳಿತವಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಪುಸ್ತಕದ ಮೇಲೆ ನನ್ನ ಹೆಸರೊಂದೇ ಇರುವುದು ನ್ಯಾಯವಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ಹೊಸನಗರದ ಕಡೆಯ ನಮ್ಮ ಭಾಗವತ ಮಾವನಿಗೆ. ಯಕ್ಷಗಾನದ ಪದ ಹೇಳುತ್ತಲೇ ಆಯುಷ್ಯ ಕಳೆದವರಿಗೆ ಈ ಗೆರೆಗಳ ಹಂಗೇ ಇಲ್ಲ. ಮೋಹನ ರಾಗದ ಹಾಡೊಂದರ ಜೊತೆ ನಾನು ಗುದ್ದಾಡುತ್ತಿದ್ದಾಗ, "ಕಪ್ಪು ಮೂರಕ್ಕೆ ಷಡ್ಜ ಇಟ್ಟುಕೋ ಮಾರಾಯ್ತಿ, ಬಿಳಿಯ ಸಹವಾಸವೇ ಬೇಡ" ಎಂದರು. ಷಡ್ಜ ಎಂದರೆ ಆಧಾರ ಸ್ವರ 'ಸ'; ಹಾರ್ಮೋನಿಯಂ ಲೆಕ್ಕದ ಕಪ್ಪು ಮೂರು, ಅಂದರೆ ಮೂರನೆಯ ಕಪ್ಪು ಕೀ, ಪಾಶ್ಚಾತ್ಯರ ಎಫ್ ಶಾರ್ಪ್. ಅಲ್ಲಿಂದ ಹೊರಟರೆ ಮೋಹನದ ಸ, ರಿ, ಗ, ಪ, ದ ಐದೂ ಕಪ್ಪು ಕೀಗಳ ಮೇಲೆಯೇ ಬೀಳುತ್ತವೆ. ಕೈಗೆ ಎಷ್ಟು ಸುಲಭವೋ ಕಾಗದಕ್ಕೆ ಅಷ್ಟೇ ಕಷ್ಟ. ಆ ಶ್ರುತಿಯಲ್ಲಿ ಬರೆದರೆ ಪ್ರತಿ ಸಾಲಿನ ಮೊದಲಿಗೂ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಆರು ಶಾರ್ಪ್ ಚಿಹ್ನೆಗಳು. ಬಿಳಿ ಒಂದಕ್ಕೆ, ಅಂದರೆ 'ಸಿ'ಗೆ ಇಳಿಸಿದರೆ ಒಂದೂ ಬೇಡ. ಮಕ್ಕಳಿಗೆಂದು ಬಿಳಿ ಒಂದರಲ್ಲೇ ಬರೆದೆ. ಹಾಡುವವರ ಕಂಠಕ್ಕೆ ತಕ್ಕಂತೆ ಏರಿಸಲು ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದ್ದೇ ಇದೆ. ಮಾವನಿಗೆ ಮಾತ್ರ ಆ ಗುಂಡಿಯ ಮೇಲೆ ಎಳ್ಳಷ್ಟೂ ಗೌರವವಿಲ್ಲ.

ಗೆರೆಗಳನ್ನು ಓದಲು ಕಲಿಸಿದವರು ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಯುವಕರು. ಬಲಗೈ ಸಾಲಿನ ಆರಂಭದ ಚಿಹ್ನೆಯಾದ ಟ್ರೆಬಲ್ ಕ್ಲೆಫ್‌ನ ಸುರುಳಿ ಸುತ್ತಿಕೊಳ್ಳುವ, ಕೆಳಗಿನಿಂದ ಎರಡನೆಯ ಗೆರೆಯೇ 'ಜಿ'; ಎಡಗೈ ಸಾಲಿನ ಬಾಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವಿನ ಗೆರೆ 'ಎಫ್'; ಎರಡೂ ಕೈಗಳ ಗಡಿಯಲ್ಲಿ, ತುಂಡು ಗೆರೆಯ ಮೇಲೆ ಕೂರುವುದು ನಡುವಿನ 'ಸಿ'. ಈ ಮೂರು ಗುರುತು ಸಿಕ್ಕರೆ ಉಳಿದದ್ದನ್ನು ಏಣಿಯಂತೆ ಎಣಿಸಿಕೊಳ್ಳಬಹುದು ಎಂದು ಅವರು ಹೇಳಿದ್ದು ನಿಜವಾಯಿತು. ತಾಳದ ಮೊದಲ ಪೆಟ್ಟಿಗೆ ಮುಂಚೆಯೇ ಪದ ಹೊರಡುವ ಹಾಡುಗಳಿರುತ್ತವಲ್ಲ, ಅಂಥವಕ್ಕೆ ಮುಂದೆ ಒಂದು ಅಪೂರ್ಣ ಬಾರ್ (ಗೆರೆ ಎಳೆದು ವಿಂಗಡಿಸಿದ ತಾಳದ ಖಾನೆ) ಇಟ್ಟು, ಅಷ್ಟೇ ಮಾತ್ರೆಗಳನ್ನು ಕೊನೆಯ ಬಾರಿನಲ್ಲಿ ಕಳೆಯಬೇಕು ಎಂಬ ಲೆಕ್ಕವೂ ಅವರದೇ. ಆ ಮೊದಲ ಪೆಟ್ಟು ಎಲ್ಲಿದೆ ಎಂದು ಕೈ ತಟ್ಟಿ ತೋರಿಸಿದವರು ಪಕ್ಕದ ಬೀದಿಯ ತಬಲಾ ಮೇಷ್ಟ್ರು. ದಾದರಾ ತಾಳದ ಆರು ಮಾತ್ರೆಗಳು ಮೂರು ಮೂರಾಗಿ ಒಡೆಯುವುದನ್ನು ಅವರ ಎಡಗೈ ನೋಡಿಯೇ ಕಲಿತೆ.

ಹಾಡಿನ ಮಾತುಗಳನ್ನು ಸ್ವರಗಳ ಕೆಳಗೆ ಕೂರಿಸುವಾಗ ನೆರವಾದವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಗುರುಗಳು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಪಾಠ ಪರೀಕ್ಷೆಯ ಆಚೆಗೂ ಉಪಯೋಗಕ್ಕೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು! ಸಾಲಿಗೆ ಗುರು-ಲಘು ಹಾಕಿ ನೋಡಿದರೆ ಯಾವ ಸ್ವರ ಎಳೆಯಬೇಕು, ಯಾವುದು ಚುಟುಕು ಎಂಬ ಅಂದಾಜು ಮೊದಲೇ ಸಿಗುತ್ತದೆ. ರಾಗ ಹಾಕಿದವರು ಎಲ್ಲ ಕಡೆಯೂ ಛಂದಸ್ಸಿನ ಮಾತು ಕೇಳುವುದಿಲ್ಲ, ಅದು ಬೇರೆ.

ಸ್ವರವನ್ನು ಅಲುಗಿಸಿ, ಎಳೆದು ಹಾಡುವ ಗಮಕದ ವಿಷಯದಲ್ಲಿ ಇವರ್ಯಾರೂ ಒಮ್ಮತಕ್ಕೆ ಬರಲಿಲ್ಲ. ಪಿಯಾನೋದಲ್ಲಿ ಒಂದು ಕೀಗೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲ; ವೀಣೆಯ ತಂತಿಯಂತೆ ಎಳೆಯಲು ಬರುವುದಿಲ್ಲ. ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರ ಕಂಠ ಕೇಳಿ ಬೆಳೆದ ಕಿವಿಗೆ ಈ ಕೊರತೆ ಚುಚ್ಚುತ್ತದೆ. ಪ್ರತಿ ಅಲುಗಾಟವನ್ನೂ ಬರೆದರೆ ಪುಟ ಇರುವೆ ಮುತ್ತಿದ ಹಾಗೆ ಕಪ್ಪಾಗುತ್ತದೆ, ಮಗು ಹೆದರಿ ಓಡುತ್ತದೆ. ಹಾಗಾಗಿ ಅನಿವಾರ್ಯವಾದ ಕಡೆ ಮಾತ್ರ ಒಂದು ಪುಟ್ಟ ಸ್ವರವನ್ನು ಮುಂದೆ ಅಂಟಿಸಿ ಉಳಿದದ್ದನ್ನು ನುಡಿಸುವವರಿಗೆ ಬಿಟ್ಟಿದ್ದೇನೆ. ಈ ತೀರ್ಮಾನ ನನ್ನದು, ಬೈಯುವವರು ನನ್ನನ್ನೇ ಬೈಯಲಿ.

ಮನೆಯವರಿಗೆ ಏನು ಹೇಳಲಿ? ಮೊಬೈಲಿನಲ್ಲಿ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿದರೂ ಶ್ರುತಿ ಇಳಿಯುವುದಿಲ್ಲ ಎಂದು ತೋರಿಸಿದವನು ತಮ್ಮನ ಮಗ. ಕ್ಯಾಸೆಟ್ಟಿನ ಕಾಲದಲ್ಲಿ ವೇಗ ತಗ್ಗಿದರೆ ಶ್ರುತಿಯೂ ಬಿದ್ದುಹೋಗುತ್ತಿತ್ತು. ಒಂದೇ ಸಾಲನ್ನು ಮಳೆಗಾಲವಿಡೀ ನಿಧಾನಗತಿಯಲ್ಲಿ ಕೇಳಿಸಿಕೊಂಡ ಅತ್ತೆಯವರು ಈಗ ಅಡುಗೆಮನೆಯಲ್ಲಿ ಅದೇ ಗತಿಯಲ್ಲಿ ಗುನುಗುತ್ತಾರೆ. ನಮ್ಮ ಕಡೆ ಗಾಳಿಮಳೆ ಶುರುವಾದರೆ ವಿದ್ಯುತ್ತಿನ ಭರವಸೆ ಇಲ್ಲವೆಂದು, ಸೆಲ್ ಹಾಕಿದರೂ ನಡೆಯುವ ಕೀಬೋರ್ಡನ್ನೇ ಆರಿಸಿಕೊಟ್ಟ ಅಂಗಡಿಯವರನ್ನೂ ಮರೆಯುವಂತಿಲ್ಲ.

ಪುಸ್ತಕವನ್ನು ಅಚ್ಚು ಹಾಕಿಸಿ ಎಂದು ಹಲವರು ಕೇಳಿದರು. ಕವಿ ಮತ್ತು ಸಂಗೀತ ಸಂಯೋಜಕರು ತೀರಿಕೊಂಡ ಬಳಿಕವೂ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರುವ ಹಕ್ಕು ನನಗಿಲ್ಲ. ಕಲಿಯುವ ಮಕ್ಕಳು ಸಂಜೆ ಮನೆಗೆ ಬಂದು ನೋಡಿಕೊಂಡು ನುಡಿಸಬಹುದು. ತಪ್ಪು ಕಂಡರೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪೆನ್ನಿನಲ್ಲಿ ಬೇಡ.