ತಿದ್ದಿ ಬರೆಸಿದವಳು: ಮಗಳಿಗೊಂದು ಪತ್ರ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಡಬ್ಲಿನ್‌ನ ಹೊಸ ಮನೆಯ ವಿಳಾಸ ಕಳಿಸಿದ್ದೆಯಲ್ಲ, ಅದರಲ್ಲಿ ರ್‍ಯಾನಲಾ ಎಂಬ ಹೆಸರು ಕಂಡು ನಾನು ಅಷ್ಟು ಸಂಭ್ರಮಪಟ್ಟದ್ದು ಏಕೆಂದು ನಿನಗೆ ತಿಳಿಯಲಿಲ್ಲ. ಹಳೆಯ ಕಾಲದ ಹಾಲಿವುಡ್ ನಟಿ ಮೊರೀನ್ ಓಹಾರಾ ಹುಟ್ಟಿದ ಬಡಾವಣೆ ಅದು, 1920ರ ಆಗಸ್ಟ್ 17ರಂದು. ‘ಯಾರಮ್ಮ ಅದು’ ಎಂದು ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಅದೇ ಕರೆಯಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದೆ: ನೀನು ಕೂತು ಸಿದ್ಧಪಡಿಸಿದ ವರದಿ ಬೇರೊಬ್ಬರ ಹೆಸರಿನಲ್ಲಿ ಮೇಲಿನವರಿಗೆ ಹೋಯಿತು ಎಂದು. ‘ಹೋಗಲಿ ಬಿಡಮ್ಮ, ಯಾರು ಜಗಳ ಆಡುತ್ತಾರೆ’ ಎಂದು ಮಾತು ಮುಗಿಸಿಬಿಟ್ಟೆ. ನನಗೆ ಅದನ್ನು ಬಿಡಲು ಆಗುತ್ತಿಲ್ಲ. ಎರಡಕ್ಕೂ ಸೇರಿಸಿ ಈ ಪತ್ರ.

ಆಕೆಯ ಹುಟ್ಟುಹೆಸರು ಮೊರೀನ್ ಫಿಟ್ಜ್‌ಸೈಮನ್ಸ್. ಆರು ಮಕ್ಕಳಲ್ಲಿ ಎರಡನೆಯವಳು. ತಂದೆಗೆ ಉಡುಪಿನ ವ್ಯಾಪಾರ, ಜೊತೆಗೆ ಶ್ಯಾಮ್‌ರಾಕ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬಿನಲ್ಲಿ ಪಾಲು. ತಾಯಿ ಗಾಯಕಿ. ಹತ್ತು ವರ್ಷಕ್ಕೇ ಹುಡುಗಿ ರ್‍ಯಾತ್‌ಮೈನ್ಸ್‌ನ ನಾಟಕ ತಂಡ ಸೇರಿದಳು, ಹದಿನಾಲ್ಕಕ್ಕೆ ಆ ದೇಶದ ಹೆಮ್ಮೆಯ ರಂಗಮಂದಿರವಾದ ಆ್ಯಬಿ ಥಿಯೇಟರ್‌ಗೆ ಬಂದಳು. ಅಲ್ಲಿಗೆ ಬಂದರೂ ತಂದೆ ಪಟ್ಟು ಬಿಡಲಿಲ್ಲ. ನಾಟಕ ಕೈಕೊಟ್ಟರೆ ಹೊಟ್ಟೆಗೆ ಒಂದು ಕಸುಬು ಇರಬೇಕು ಎಂದು ಟೈಪಿಂಗ್, ಶಾರ್ಟ್‌ಹ್ಯಾಂಡ್, ಲೆಕ್ಕ ಬರೆಯುವುದು ಎಲ್ಲವನ್ನೂ ಕಲಿಸಿದರು. ಮೊದಲು ಒಂದು ಲಾಂಡ್ರಿಯಲ್ಲಿ, ಆಮೇಲೆ ಎವರೆಡಿ ಬ್ಯಾಟರಿ ಕಂಪನಿಯಲ್ಲಿ ಆಕೆ ಟೈಪಿಸ್ಟ್ ಆಗಿ ದುಡಿದಳು.

ಇದನ್ನು ಓದಿದಾಗ ನನಗೆ ನಿನ್ನ ಅಜ್ಜ ನೆನಪಾದರು. ನನ್ನನ್ನು ಸಾಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿ, ಜೂನಿಯರ್ ಮುಗಿದ ಮೇಲೆ ಸೀನಿಯರ್ ಪಾಸಾಗುವವರೆಗೂ ಸುಮ್ಮನಿರದ ಅಪ್ಪ ಅವರು. ಕನ್ನಡ, ಇಂಗ್ಲಿಷ್ ಎರಡೂ ಬರಬೇಕೆಂಬುದು ಅವರ ಹಟ. ಆ ಸರ್ಟಿಫಿಕೇಟಿನಿಂದಲೇ ನನಗೆ ಕಚೇರಿಯ ಕೆಲಸ ಸಿಕ್ಕಿತು, ನಿನ್ನ ಓದಿಗೆ ದಾರಿಯಾಯಿತು.

ಆಕೆಗೆ ಆ ಬೆರಳಚ್ಚು ಎಲ್ಲಿ ಒದಗಿತು ಎಂಬುದನ್ನು ಮುಂದೆ ಬರೆಯುತ್ತೇನೆ. ಹದಿನೇಳರ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಸಿನಿಮಾಗೆ ಆರಿಸಿಕೊಳ್ಳಲು ಆಕೆಯ ಪರದೆ ಪರೀಕ್ಷೆ (ಸ್ಕ್ರೀನ್ ಟೆಸ್ಟ್) ನಡೆಯಿತು. ಮುಖಕ್ಕೆ ವಿಪರೀತ ಬಣ್ಣ ಮೆತ್ತಿ, ಹೊಳೆಯುವ ಜರಿ ಉಡುಪು ತೊಡಿಸಿ ಕ್ಯಾಮೆರಾದ ಎದುರು ನಿಲ್ಲಿಸಿದರು. ಆಕೆಗೆ ಅದು ಅಸಹ್ಯವೆನಿಸಿತು. ಆದರೆ ಆ ತುಣುಕನ್ನು ನೋಡಿದ ದೊಡ್ಡ ನಟ ಚಾರ್ಲ್ಸ್ ಲಾಟನ್‌ಗೆ ಆ ಬಣ್ಣದ ಹಿಂದಿನ ಕಣ್ಣುಗಳನ್ನು ಮರೆಯಲಾಗಲಿಲ್ಲ. ತಮ್ಮ ಸಂಸ್ಥೆಯೊಂದಿಗೆ ಏಳು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡರು. ಫಿಟ್ಜ್‌ಸೈಮನ್ಸ್ ಎಂಬ ಹೆಸರು ಚಿತ್ರಮಂದಿರದ ಫಲಕಕ್ಕೆ ಉದ್ದವಾಯಿತೆಂದು ಓಹಾರಾ ಎಂದು ಬದಲಾಯಿಸಿದರು. ಆಕೆಗೆ ಅದು ಇಷ್ಟವಿರಲಿಲ್ಲ, ಕೇಳುವವರಿರಲಿಲ್ಲ. ತನ್ನ ಬಗ್ಗೆ ಇನ್ನೊಬ್ಬರು ಬರೆದದ್ದಕ್ಕೆ ಆಕೆ ತಲೆಬಾಗಿದ ಸಂದರ್ಭಗಳು ಕಡಿಮೆ, ಅವುಗಳಲ್ಲಿ ಇದು ಮೊದಲನೆಯದು.

1939ರಲ್ಲಿ ಹಿಚ್‌ಕಾಕ್ ನಿರ್ದೇಶನದ ‘ಜಮೈಕಾ ಇನ್’ ಬಂತು. ಅದೇ ವರ್ಷ ಲಾಟನ್ ಜೊತೆ ಹಾಲಿವುಡ್‌ಗೆ ಹೋಗಿ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ ಚಿತ್ರದಲ್ಲಿ ಎಸ್ಮೆರಾಲ್ಡಾ ಆದಳು. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಲಾಟನ್ ಸಂಸ್ಥೆ ಆಕೆಯ ಕರಾರನ್ನು ಅಮೆರಿಕದ ಆರ್‌ಕೆಒ ಸ್ಟುಡಿಯೋಗೆ ಮಾರಿತು. ಮನೆಮಂದಿಯೆಲ್ಲ ಡಬ್ಲಿನ್‌ನಲ್ಲಿ, ಹತ್ತೊಂಬತ್ತರ ಹುಡುಗಿ ಸಾಗರದಾಚೆ. ಇಂದಿನ ಹಾಗೆ ದಿನಾ ಮುಖ ನೋಡಿ ಮಾತಾಡುವ ಕಾಲವೂ ಅಲ್ಲ.

1941ರಲ್ಲಿ ನಿರ್ದೇಶಕ ಜಾನ್ ಫೋರ್ಡ್ ಆಕೆಯನ್ನು ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ ಚಿತ್ರಕ್ಕೆ ಆರಿಸಿಕೊಂಡ. ವೇಲ್ಸ್ ದೇಶದ ಕಲ್ಲಿದ್ದಲ ಗಣಿಯ ಕುಟುಂಬದ ಕಥೆ. ಯುದ್ಧದ ಕಾರಣ ಇಡೀ ಹಳ್ಳಿಯನ್ನು ಕ್ಯಾಲಿಫೋರ್ನಿಯಾದಲ್ಲೇ ಕಟ್ಟಿದ್ದರು. ಆ ವರ್ಷದ ಶ್ರೇಷ್ಠ ಚಿತ್ರದ ಆಸ್ಕರ್ ಅದಕ್ಕೇ ಬಂತು. ಬಿಡುವಾದಾಗ ಅದರ ಮದುವೆಯ ದೃಶ್ಯವನ್ನು ತಪ್ಪದೆ ನೋಡು. ಪ್ರೀತಿಸಿದವನನ್ನು ಬಿಟ್ಟು ಗಣಿ ಮಾಲೀಕನ ಮಗನನ್ನು ವರಿಸಿ ಹುಡುಗಿ ಚರ್ಚಿನಿಂದ ಹೊರಬರುತ್ತಾಳೆ. ಗಾಳಿಗೆ ಮುಸುಕು ಮೇಲಕ್ಕೆ ಹಾರುತ್ತದೆ. ಮುಖದಲ್ಲಿ ಸಂತೋಷದ ಸುಳಿವೂ ಇಲ್ಲ, ಅಳುವೂ ಇಲ್ಲ. ಆ ಮುಖವನ್ನು ನೋಡಿದ ಮೇಲೆ ಆಕೆಯನ್ನು ಬರೀ ಚೆಲುವೆ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕರೆದವರು ಬಹಳ ಜನ. ಕೆಂಪು ಕೂದಲು, ಹಸಿರು ಕಣ್ಣು, ತಿಳಿ ಮೈಬಣ್ಣ ಆ ಕಾಲದ ಬಣ್ಣದ ಸಿನಿಮಾ ತಂತ್ರವಾದ ಟೆಕ್ನಿಕಲರ್‌ಗೆ ಹೇಳಿ ಮಾಡಿಸಿದಂತಿದ್ದವು. ಸ್ಟುಡಿಯೋಗಳು ಆಕೆಯನ್ನು ‘ಟೆಕ್ನಿಕಲರ್ ರಾಣಿ’ ಮಾಡಿ, ಕಡಲ್ಗಳ್ಳರ ಹಡಗಿಗೋ ಮರುಭೂಮಿಯ ಅರಮನೆಗೋ ಕಳಿಸುತ್ತಲೇ ಇದ್ದವು. ಆಕೆ ಕತ್ತಿವರಸೆ ಕಲಿತಳು, ಅಪಾಯದ ದೃಶ್ಯಗಳಲ್ಲಿ ತಾನೇ ಅಭಿನಯಿಸಿದಳು. ಆ ಚಿತ್ರಗಳಲ್ಲಿ ಬಹಳಷ್ಟನ್ನು ನೀನು ನೋಡದಿದ್ದರೂ ನಷ್ಟವಿಲ್ಲ. ಆದರೆ 1947ರ ‘ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’ ನೋಡಬೇಕು. ಅದರಲ್ಲಿ ಆಕೆ ವಿಚ್ಛೇದಿತ ತಾಯಿ, ದೊಡ್ಡ ಅಂಗಡಿಯಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವವಳು. ಆ ಕಾಲಕ್ಕೆ ಅಂಥ ಹೆಂಗಸನ್ನು ಕನಿಕರವಿಲ್ಲದೆ, ಗೌರವದಿಂದ ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

1946ರ ಜನವರಿಯಲ್ಲಿ ಆಕೆ ಅಮೆರಿಕದ ಪೌರತ್ವ ಪಡೆಯಲು ಹೋದಳು. ಕಾಗದಪತ್ರಗಳಲ್ಲಿ ಆಕೆಯ ಹಿಂದಿನ ರಾಷ್ಟ್ರೀಯತೆ ಬ್ರಿಟಿಷ್ ಎಂದಿತ್ತು. ಬ್ರಿಟನ್ನಿನ ಮೇಲಿನ ನಿಷ್ಠೆಯನ್ನು ತೊರೆಯುತ್ತೇನೆಂದು ಪ್ರಮಾಣ ಮಾಡಬೇಕಿತ್ತು. ತನಗೆ ಆ ನಿಷ್ಠೆ ಎಂದೂ ಇರಲಿಲ್ಲ, ಇಲ್ಲದ್ದನ್ನು ತೊರೆಯುವುದು ಹೇಗೆ, ತಾನು ಐರಿಶ್ ಎಂದಳು. ಅಧಿಕಾರಿಗಳು ಒಪ್ಪಲಿಲ್ಲ, ವಿಷಯ ನ್ಯಾಯಾಧೀಶರ ಮುಂದೆ ಹೋಯಿತು. ಅವರೂ ಮೊದಲು ಒಪ್ಪಲಿಲ್ಲ. ಹಾಗಾದರೆ ನಿಮ್ಮ ಪೌರತ್ವವೇ ಬೇಡ ಎಂದು ಹೊರಡಲು ನಿಂತಾಗ ಕೊನೆಗೆ ಐರಿಶ್ ಎಂದೇ ಬರೆಯಲು ಅಪ್ಪಣೆಯಾಯಿತು ಎಂದು ಆಕೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಯೋಚಿಸಿ ನೋಡು, ಗುಮಾಸ್ತರಿಗೂ ಒಂದು ಆಧಾರವಿತ್ತು. ಆಕೆ ಹುಟ್ಟಿದಾಗ ಡಬ್ಲಿನ್ ಬ್ರಿಟಿಷರ ಕೈಯಲ್ಲಿತ್ತು, ಬೀದಿಗಳಲ್ಲಿ ಸ್ವಾತಂತ್ರ್ಯದ ಹೋರಾಟ ನಡೆಯುತ್ತಿತ್ತು. ಸ್ವಂತ ಸರ್ಕಾರ ಬಂದದ್ದು 1922ರಲ್ಲಿ. ಹಳೆಯ ಕಡತದಲ್ಲಿದ್ದುದನ್ನು ಇದ್ದ ಹಾಗೆ ನಕಲು ಮಾಡುವುದು ಕಚೇರಿಗಳ ಸ್ವಭಾವ. ನಾನು ಬದುಕೆಲ್ಲ ಅದನ್ನೇ ನೋಡಿದವಳು. ಒಮ್ಮೆ ತಪ್ಪಾಗಿ ದಾಖಲಾದದ್ದು ಯಾರಾದರೂ ಎದುರು ನಿಂತು ಕೇಳುವವರೆಗೆ ನಿಜವೆಂದೇ ನಡೆಯುತ್ತದೆ.

ಅದಕ್ಕೂ ಮುಂಚೆ, 1945ರಲ್ಲಿ, ಪತ್ರಿಕೆಯೊಂದರ ಸಂದರ್ಶನದಲ್ಲಿ ಆಕೆ ಇನ್ನೂ ಕಠಿಣವಾದ ಮಾತನಾಡಿದ್ದಳು. ನಿರ್ಮಾಪಕರೂ ನಿರ್ದೇಶಕರೂ ತನ್ನ ಮೈಮುಟ್ಟಲು ಬಿಡುವುದಿಲ್ಲವೆಂಬ ಕಾರಣಕ್ಕೆ ತನ್ನನ್ನು ಹೆಣ್ಣೇ ಅಲ್ಲ, ತಣ್ಣನೆಯ ಅಮೃತಶಿಲೆಯ ಬೊಂಬೆ ಎಂದು ಊರೆಲ್ಲ ಸಾರಿದ್ದಾರೆ ಎಂದು. ಆ ಉದ್ಯಮದ ಹೆಂಗಸರು ಒಟ್ಟಾಗಿ ಬಾಯಿ ಬಿಡಲು ಅಲ್ಲಿಂದ ಎಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಕೆ ಆಗ ಇಪ್ಪತ್ತೈದರ ಆಸುಪಾಸಿನವಳು, ಒಂದು ಹಸುಗೂಸಿನ ತಾಯಿ.

ಮೂರನೆಯದು 1957ರದು. ‘ಕಾನ್ಫಿಡೆನ್ಶಿಯಲ್’ ಎಂಬ ಗಾಳಿಸುದ್ದಿಯ ಪತ್ರಿಕೆ, ಆಕೆ ಹಾಲಿವುಡ್‌ನ ಚಿತ್ರಮಂದಿರವೊಂದರಲ್ಲಿ ಯಾರೊಂದಿಗೋ ಅಸಭ್ಯವಾಗಿ ನಡೆದುಕೊಂಡಳೆಂದು ಬರೆಯಿತು. ಪತ್ರಿಕೆಯ ವಿರುದ್ಧ ಲಾಸ್ ಏಂಜಲೀಸ್‌ನಲ್ಲಿ ಮೊಕದ್ದಮೆ ನಡೆದಾಗ ಹೆಚ್ಚಿನ ತಾರೆಯರು ಹತ್ತಿರ ಸುಳಿಯಲಿಲ್ಲ. ಈಕೆ ಮತ್ತು ನಟಿ ಡೊರೊಥಿ ಡ್ಯಾಂಡ್ರಿಡ್ಜ್ ಬಂದು ಸಾಕ್ಷಿ ಹೇಳಿದರು. ಓಹಾರಾ ತನ್ನ ಪಾಸ್‌ಪೋರ್ಟನ್ನೇ ಮುಂದಿಟ್ಟಳು. ಅದರ ಮುದ್ರೆಗಳ ಪ್ರಕಾರ ಆ ಸಮಯದಲ್ಲಿ ಆಕೆ ಸ್ಪೇನ್‌ನಲ್ಲಿ ಚಿತ್ರೀಕರಣದಲ್ಲಿದ್ದಳು. ತೀರ್ಪುಗಾರರಲ್ಲಿ ಒಮ್ಮತ ಬರದೆ ಆ ವಿಚಾರಣೆ ಮುರಿದುಬಿತ್ತು ನಿಜ, ಆದರೆ ಪತ್ರಿಕೆ ಮತ್ತೆ ಮೊದಲಿನಂತೆ ತಲೆಯೆತ್ತಲಿಲ್ಲ. ಪುಟ್ಟಿ, ಆ ವರದಿಯ ಕರಡುಗಳು ದಿನಾಂಕದ ಸಮೇತ ನಿನ್ನ ಕಂಪ್ಯೂಟರಿನಲ್ಲಿ ಇರಬೇಕಲ್ಲವೇ? ಮೊದಲು ಅವನ್ನು ಜೋಡಿಸಿಟ್ಟುಕೋ. ಜಗಳ ಆಡು ಎಂದು ನಾನು ಹೇಳುತ್ತಿಲ್ಲ. ಕಾಗದ ಕೈಯಲ್ಲಿದ್ದರೆ ದನಿ ಏರಿಸುವ ಅಗತ್ಯವೇ ಬರುವುದಿಲ್ಲ.

ಇಷ್ಟನ್ನೇ ಹೇಳಿ ಬಿಟ್ಟರೆ ನಿನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನ್ಯಾಯಾಲಯದಲ್ಲಿ ಎದೆ ಸೆಟೆಸಿ ನಿಂತ ಹೆಣ್ಣು ಮನೆಯಲ್ಲಿ ವರ್ಷಗಟ್ಟಲೆ ಸಹಿಸಿಕೊಂಡಳು. ಹದಿನೆಂಟಕ್ಕೆ ಅವಸರದಲ್ಲಿ ನಡೆದ ಮೊದಲ ಮದುವೆ ರದ್ದಾಯಿತು. ಎರಡನೆಯ ಗಂಡ ವಿಲ್ ಪ್ರೈಸ್ ಕುಡುಕ, ಕೈ ಎತ್ತುವವನು ಎಂದು ಆಕೆಯೇ ಬರೆದಿದ್ದಾಳೆ. ಆದರೂ ಹತ್ತು ವರ್ಷದ ಮೇಲೆ ಆ ಸಂಸಾರದಲ್ಲಿದ್ದಳು. ಕ್ಯಾಥೊಲಿಕ್ ಮನೆತನ, ಮಗಳು ಬ್ರಾನ್‌ವಿನ್, ಜನ ಏನೆಂದಾರು ಎಂಬ ಅಳುಕು. ಜಾನ್ ಫೋರ್ಡ್ ಒಮ್ಮೆ ತನ್ನ ಮನೆಯ ಔತಣದಲ್ಲಿ ಆಕೆಯ ದವಡೆಗೆ ಗುದ್ದಿದನಂತೆ. ಅದನ್ನೂ ನುಂಗಿಕೊಂಡು ಅವನ ಚಿತ್ರಗಳಲ್ಲಿ ನಟಿಸಿದಳು, ಕೊನೆಯವರೆಗೂ ಅವನ ಪ್ರತಿಭೆಯನ್ನು ಹೊಗಳಿದಳು. ನನಗೆ ಇದು ಹಿಡಿಸುವುದಿಲ್ಲ, ಆದರೆ ಅರ್ಥವಾಗುತ್ತದೆ. ಹೊರಗಿನವರ ಎದುರು ಬರುವ ಧೈರ್ಯ ಹತ್ತಿರದವರ ಎದುರು ಬರುವುದು ಕಷ್ಟ. ನಿನಗೆ ಅಂಥ ಒಂದು ದಿನ ಬಂದರೂ ಮೊದಲು ನನಗೆ ಫೋನ್ ಮಾಡಬೇಕು, ಯಾವ ಹೊತ್ತಾದರೂ ಸರಿ.

ಇದೇ ಫೋರ್ಡ್ ಜೊತೆ ಮಾಡಿದ ‘ದಿ ಕ್ವಯಟ್ ಮ್ಯಾನ್’ ಆಕೆಯ ಅತ್ಯುತ್ತಮ ಚಿತ್ರ. 1944ರಲ್ಲೇ ಆಕೆ, ಫೋರ್ಡ್ ಮತ್ತು ನಟ ಜಾನ್ ವೇನ್ ಕೈಕುಲುಕಿ ಒಪ್ಪಿಕೊಂಡಿದ್ದರು, ಹಣ ಹಾಕುವವರು ಮಾತ್ರ ಯಾರೂ ಇರಲಿಲ್ಲ. ಆ ಕಾಯುವ ವರ್ಷಗಳಲ್ಲಿ ಆಕೆ ಫೋರ್ಡ್‌ನ ಹಾಯಿಹಡಗಿಗೆ ಹೋಗಿ, ಅವನು ಹೇಳಿದ್ದನ್ನು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಂಡು ಚಿತ್ರಕಥೆಯನ್ನು ಟೈಪ್ ಮಾಡಿಕೊಡುತ್ತಿದ್ದಳು. ಡಬ್ಲಿನ್‌ನ ಅಪ್ಪ ಕಲಿಸಿದ ಕಸುಬು ಕಡಲ ಮೇಲೆ ಒದಗಿತು! ಕೊನೆಗೆ ರಿಪಬ್ಲಿಕ್ ಸ್ಟುಡಿಯೋ, ಮೊದಲು ಲಾಭ ತರುವ ಒಂದು ವೆಸ್ಟರ್ನ್ (ಕುದುರೆ, ಬಂದೂಕುಗಳ ಅಮೆರಿಕನ್ ಚಿತ್ರ) ಮಾಡಿಕೊಡಿ ಎಂದಿತು. 1950ರಲ್ಲಿ ‘ರಿಯೋ ಗ್ರಾಂಡೆ’ ಮಾಡಿಕೊಟ್ಟರು. 1951ರ ಬೇಸಿಗೆಯಲ್ಲಿ ಐರ್ಲೆಂಡಿನ ಮೇಯೋ ಕೌಂಟಿಯ ಕಾಂಗ್ ಎಂಬ ಹಳ್ಳಿಯಲ್ಲಿ ಚಿತ್ರೀಕರಣ ನಡೆಯಿತು.

ಅದರಲ್ಲಿ ಆಕೆ ಮೇರಿ ಕೇಟ್. ಅಣ್ಣ ಕೊಡದೆ ತಡೆಹಿಡಿದ ತನ್ನ ವರದಕ್ಷಿಣೆಯ ಹಣ, ತನ್ನ ಪೀಠೋಪಕರಣಗಳು ಕೈಗೆ ಬರುವವರೆಗೂ ತಾನು ಪೂರ್ತಿ ಹೆಂಡತಿಯಲ್ಲ ಎನ್ನುತ್ತಾಳೆ. ಅಮೆರಿಕದಿಂದ ಬಂದ ಗಂಡನಿಗೆ (ಆ ಪಾತ್ರ ವೇನ್ ಅವರದು) ಇದು ದುರಾಸೆಯಂತೆ ಕಾಣುತ್ತದೆ. ವರದಕ್ಷಿಣೆಯೆಂದರೆ ಗಂಡಿನ ಕಡೆಯವರು ಹಿಂಡುವ ಹಣವೆಂದು ತಿಳಿದ ನಮ್ಮೂರಿನವರಿಗೆ ಇದು ಬೇಗ ಅರ್ಥವಾಗಲಿಕ್ಕಿಲ್ಲ. ಮೇರಿ ಕೇಟ್ ಕೇಳುತ್ತಿರುವುದು ತವರಿನಲ್ಲಿ ತಾನು ದುಡಿದದ್ದಕ್ಕೆ, ಅಮ್ಮನಿಂದ ತನಗೆ ಬಂದದ್ದಕ್ಕೆ ಮನ್ನಣೆ. ಕಡೆಗೆ ಹಣ ಕೈಗೆ ಬಂದ ಕ್ಷಣ ಆಕೆಯೇ ಒಲೆಯ ಬಾಗಿಲು ತೆರೆಯುತ್ತಾಳೆ, ಗಂಡ ಅದನ್ನು ಬೆಂಕಿಗೆ ಎಸೆಯುತ್ತಾನೆ. ಅಡುಗೆ ಮಾಡಲು ಹೋಗುತ್ತೇನೆಂದು ಆಕೆ ತಲೆಯೆತ್ತಿ ನಡೆದುಹೋಗುತ್ತಾಳೆ. ಆ ನಡಿಗೆಯನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಅದಕ್ಕೆ ಮೊದಲು ಆಕೆಯನ್ನು ಹೊಲದುದ್ದಕ್ಕೂ ಎಳೆದೊಯ್ಯುವ ದೃಶ್ಯವಿದೆ, ಜನ ನಗುತ್ತಾ ಹಿಂದೆ ಬರುತ್ತಾರೆ; ಆ ಭಾಗದಲ್ಲಿ ನಾನು ನಗಲಾರೆ. ಫೋರ್ಡ್ ಮತ್ತು ವೇನ್ ಆ ಹಾದಿಗೆ ಬೇಕೆಂದೇ ಕುರಿಯ ಹಿಕ್ಕೆ ತುಂಬಿಸಿದ್ದರು, ತೊಳೆದುಕೊಳ್ಳಲೂ ಬಿಡಲಿಲ್ಲ ಎಂದು ಆಕೆ ನೆನೆದಿದ್ದಾಳೆ. ಇನ್ನೊಂದು ದೃಶ್ಯದಲ್ಲಿ ವೇನ್‌ಗೆ ಹೊಡೆಯಲು ಬೀಸಿದ ಕೈಯ ಮಣಿಕಟ್ಟಿನ ಮೂಳೆಯೇ ಬಿರುಕುಬಿಟ್ಟಿತು. ಮೀನು ಹಿಡಿಯುತ್ತಿರುವ ಪಾದ್ರಿಯ ಬಳಿ ತನ್ನ ಸಂಸಾರದ ಗುಟ್ಟನ್ನು ಹೇಳಲು ನಾಚಿ ಆಕೆ ಐರಿಶ್ ಭಾಷೆಗೆ ಹೊರಳುವ ಗಳಿಗೆಯನ್ನು ಮಾತ್ರ ತಪ್ಪಿಸಬೇಡ.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. 1968ರಲ್ಲಿ ವಿಮಾನ ಚಾಲಕ ಚಾರ್ಲ್ಸ್ ಬ್ಲೇರ್ ಅವರನ್ನು ಮದುವೆಯಾದಳು, ಇದು ಸುಖದ ಮದುವೆ. ಸ್ವಲ್ಪ ಕಾಲದಲ್ಲೇ ಸಿನಿಮಾ ಬಿಟ್ಟು ವರ್ಜಿನ್ ದ್ವೀಪಗಳಲ್ಲಿ ನೆಲೆಸಿದಳು. ಅಲ್ಲಿ ಬ್ಲೇರ್ ನೀರಿನ ಮೇಲೆ ಇಳಿಯುವ ವಿಮಾನಗಳ ಸಂಸ್ಥೆ ನಡೆಸುತ್ತಿದ್ದರು. 1978ರಲ್ಲಿ ಅಂಥದೇ ವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡರು. ಐವತ್ತೆಂಟರ ವಿಧವೆ ಸಂಸ್ಥೆಯ ಅಧ್ಯಕ್ಷೆಯಾಗಿ ಕೂತಳು. ಅಮೆರಿಕದಲ್ಲಿ ವೇಳಾಪಟ್ಟಿಯಂತೆ ಹಾರುವ ವಿಮಾನ ಸಂಸ್ಥೆಗೆ ಅಧ್ಯಕ್ಷೆಯಾದ ಮೊದಲ ಮಹಿಳೆ ಆಕೆ.

ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರೂ ಒಮ್ಮೆಯೂ ಆಸ್ಕರ್‌ಗೆ ಹೆಸರು ಸೂಚಿತವಾಗಲಿಲ್ಲ. 2014ರ ನವೆಂಬರ್‌ನಲ್ಲಿ ಗೌರವ ಆಸ್ಕರ್ ಕೊಟ್ಟರು, ಆಕೆಗೆ ಆಗ 94. ಮರುವರ್ಷ ಅಕ್ಟೋಬರ್ 24ರಂದು ಅಮೆರಿಕದ ಐಡಹೋದಲ್ಲಿ ತೀರಿಕೊಂಡಳು; ಆರ್ಲಿಂಗ್ಟನ್ ಸ್ಮಶಾನದಲ್ಲಿ ಬ್ಲೇರ್ ಪಕ್ಕದಲ್ಲೇ ಸಮಾಧಿಯಿದೆ. ಆ ಗೌರವ ನಲವತ್ತು ವರ್ಷ ತಡವಾಗಿ ಬಂತು ಎಂಬುದೇ ನನ್ನ ಅಭಿಪ್ರಾಯ.

ರಜೆ ಸಿಕ್ಕಿದಾಗ ಗೆಳತಿಯರೊಂದಿಗೆ ಕಾಂಗ್‌ಗೆ ಹೋಗಿ ಬಾ. ವೇನ್ ಆಕೆಯನ್ನು ಎತ್ತಿಕೊಂಡಿರುವ ಕಂಚಿನ ಪ್ರತಿಮೆ ಊರಿನಲ್ಲೇ ಇದೆ, ಫೋಟೊ ಕಳಿಸು. ಅದಕ್ಕಿಂತ ಮೊದಲು ಆ ವರದಿಯ ವಿಷಯವಾಗಿ ನಿನ್ನ ಮೇಲಧಿಕಾರಿಗೆ ನಾಲ್ಕು ಸಾಲಿನ ಇಮೇಲ್ ಬರೆ. ಬರೆದದ್ದನ್ನು ನನಗೆ ಓದಿ ಹೇಳು, ಕಚೇರಿಯ ಪತ್ರಗಳಲ್ಲಿ ನನ್ನ ಕೈ ಇನ್ನೂ ಪಳಗಿಯೇ ಇದೆ. ಅಪ್ಪನಿಗೆ ಮಂಡಿನೋವು ಕಡಿಮೆಯಾಗಿದೆ. ಚಟ್ನಿಪುಡಿ, ಹಪ್ಪಳ ಮುಂದಿನ ವಾರ ಪಾರ್ಸೆಲ್ ಮಾಡುತ್ತೇವೆ.

ನಿನ್ನ,
ಅಮ್ಮ