ತುಟಿ ಉಜ್ಜಿ ಎಂದು ದಯವಿಟ್ಟು ಬರೆಯಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಕಪ್ಪು ತುಟಿಯನ್ನು ಕೆಂಪಗೆ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಬರಹ ಬಂದಿತ್ತು. ದಿನಾ ರಾತ್ರಿ ಹಳೆಯ ಟೂತ್‌ಬ್ರಷ್‌ನಿಂದ ತುಟಿ ಉಜ್ಜಿ, ಸತ್ತ ಚರ್ಮ ಹೋಗಿ ಒಳಗಿನ ಬಣ್ಣ ಎದ್ದು ಬರುತ್ತದೆ ಎಂದು ಅದರಲ್ಲಿತ್ತು. ಓದುತ್ತಿದ್ದಂತೆ ನನ್ನ ತುಟಿ ಒಮ್ಮೆ ಚುರ್ ಎಂದಿತು. ಸುಮ್ನೆ ಹೇಳುತ್ತಿಲ್ಲ, ಇದೇ ಕೆಲಸವನ್ನು ನಾನು ಎಂಟು ತಿಂಗಳು ಶ್ರದ್ಧೆಯಿಂದ ಮಾಡಿದ್ದೇನೆ. ಕೊನೆಗೆ ನನಗೆ ಸಿಕ್ಕಿದ್ದು ಮೊದಲಿಗಿಂತ ಕಪ್ಪಾದ, ನಕ್ಕರೆ ನಡುವೆ ಬಿರಿದು ರಕ್ತ ಬರುವ ತುಟಿ.

ತುಟಿ ಎಂದರೆ ಮುಖದ ಚರ್ಮವೇ, ಸ್ವಲ್ಪ ಕೆಂಪಗಿದೆ ಅಷ್ಟೇ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ನಂಬಿಕೆ ಬರದಿದ್ದರೆ ಒಳ್ಳೆ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು, ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಮಗುಚಿ ನೋಡಿ. ಮೂರು ಪಟ್ಟಿ ಕಾಣುತ್ತವೆ. ಹೊರಗಿನದು ಮಾಮೂಲಿ ಚರ್ಮ, ಅದರಲ್ಲಿ ಸಣ್ಣ ಕೂದಲಿದೆ, ಅದು ಬೆವರುತ್ತದೆ, ಎಣ್ಣೆ ಜಿನುಗಿಸುತ್ತದೆ. ಒಳಗಿನದು ಒದ್ದೆ. ಆ ಒದ್ದೆ ಭಾಗವನ್ನು ಬಟ್ಟೆಯಿಂದ ಮೆತ್ತಗೆ ಒತ್ತಿ ಒರೆಸಿ, ಒಂದು ನಿಮಿಷ ಹಾಗೇ ಹಿಡಿದುಕೊಂಡಿರಿ. ಸೂಜಿಮೊನೆಯಷ್ಟು ಹನಿಗಳು ಒಂದೊಂದಾಗಿ ಮೂಡುತ್ತವೆ. ಅದು ಬೆವರಲ್ಲ, ಜೊಲ್ಲು. ಅಲ್ಲಿ ತೀರಾ ಸಣ್ಣ ಜೊಲ್ಲುಗ್ರಂಥಿಗಳಿವೆ. ಈಗ ನಡುವಿನ ಕೆಂಪು ಪಟ್ಟಿ ನೋಡಿ. ನಾವು ತುಟಿ ಎಂದು ಕರೆಯುವುದು ಇದನ್ನೇ. ಎಷ್ಟು ಹೊತ್ತು ಕಾದರೂ ಇದರಲ್ಲಿ ಏನೂ ಮೂಡುವುದಿಲ್ಲ. ಹೊರಗಿನ ಎಣ್ಣೆಯೂ ಇಲ್ಲ, ಒಳಗಿನ ಒದ್ದೆಯೂ ಇಲ್ಲ. ಎರಡು ಮನೆಗಳ ನಡುವಿನ ಗೋಡೆಯ ಹಾಗೆ, ನನ್ನದು ಎಂದು ನೋಡಿಕೊಳ್ಳುವವರು ಯಾರೂ ಇಲ್ಲ.

ಎಣ್ಣೆಗ್ರಂಥಿ ಇಲ್ಲ ಎಂದೆ, ಅದಕ್ಕೆ ಒಂದು ಅಪವಾದ ಇದೆ. ಕೆಲವರ ತುಟಿಯ ಅಂಚಿನಲ್ಲಿ ಮರಳಿನ ಕಣದಷ್ಟು ಹಳದಿ-ಬಿಳಿ ಚುಕ್ಕೆಗಳಿರುತ್ತವೆ. ಅವು ದಾರಿ ತಪ್ಪಿ ಬಂದ ಎಣ್ಣೆಗ್ರಂಥಿಗಳು. 1896ರಲ್ಲಿ ಅವುಗಳ ಬಗ್ಗೆ ಬರೆದ ಅಮೆರಿಕದ ಚರ್ಮವೈದ್ಯ ಫೋರ್ಡೈಸ್ ಅವರ ಹೆಸರಿನಲ್ಲೇ ಅವನ್ನು ಕರೆಯುತ್ತಾರೆ. ಏನೂ ತೊಂದರೆ ಇಲ್ಲ, ಹಿಸುಕಲು ಹೋಗಬೇಡಿ.

ತುಟಿಯ ಹೊದಿಕೆಯೂ ತೆಳು. ಚರ್ಮದ ಎಲ್ಲಕ್ಕಿಂತ ಮೇಲಿನ ಗಟ್ಟಿ ಪದರ ಅಂಗಾಲಲ್ಲಿ ದಪ್ಪ ಚಾಪೆಯಂತಿದ್ದರೆ, ತುಟಿಯಲ್ಲಿ ತೆಳು ಹಾಳೆಯಂತಿದೆ. ಅದಕ್ಕೇ ಕೆಳಗಿನ ರಕ್ತದ ಬಣ್ಣ ಮೇಲೆ ಕಾಣುತ್ತದೆ, ಅದಕ್ಕೇ ಒಳಗಿನ ನೀರೂ ಬೇಗ ಆರಿಹೋಗುತ್ತದೆ. ತುಟಿಯ ಬಣ್ಣ ಎಂದರೆ ಈ ರಕ್ತದ ಕೆಂಪು ಮತ್ತು ಅವರವರ ಮೆಲನಿನ್ ಅಂದರೆ ಚರ್ಮಕ್ಕೆ ಕಪ್ಪು-ಕಂದು ಬಣ್ಣ ಕೊಡುವ ವಸ್ತು, ಎರಡೂ ಸೇರಿದ್ದು. ಮೆಲನಿನ್ ಜಾಸ್ತಿ ಇದ್ದರೆ ತುಟಿ ಕಂದು ಬಣ್ಣಕ್ಕಿರುತ್ತದೆ. ಉಜ್ಜಿದರೆ ಹೋಗುವುದಕ್ಕೆ ಅದೇನು ಕೊಳೆಯೇ? ಉಜ್ಜಿದ ಕೂಡಲೇ ಕೆಂಪಗೆ ಕಾಣುವುದು ನಿಜ, ಕೆನ್ನೆಗೆ ಹೊಡೆದರೂ ಕೆಂಪಾಗುತ್ತದೆ ಅಲ್ವಾ? ನೋವಾದ ಕಡೆಗೆ ರಕ್ತ ನುಗ್ಗಿರುತ್ತದೆ. ದಿನಾ ಹೀಗೆ ಕೆರೆಯುತ್ತಿದ್ದರೆ ಅಲ್ಲಿ ಉರಿಯೂತವಾಗಿ, ಚರ್ಮ ಇನ್ನಷ್ಟು ಮೆಲನಿನ್ ತಯಾರಿಸುತ್ತದೆ, ಕಪ್ಪು ಏರುತ್ತದೆ. ನನ್ನ ಎಂಟು ತಿಂಗಳ ಕಥೆ ಇಷ್ಟೇ. (ಸಿಗರೇಟು ಸೇದುವವರ ತುಟಿ ಕಪ್ಪಾಗುವುದೂ ಹೊಗೆಯ ಮಸಿ ಮೆತ್ತಿಕೊಂಡಲ್ಲ, ತಂಬಾಕು ಕೆರಳಿಸಿದ ಮೆಲನಿನ್‌ನಿಂದ.)

ಇನ್ನು ನಾಲಿಗೆಯ ವಿಷಯ. ತುಟಿಯಲ್ಲಿ ಸ್ಪರ್ಶದ ನರಗಳು ಒತ್ತೊತ್ತಾಗಿವೆ. ಕೆನಡಾದ ಮಿದುಳು ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣಗೆ ವಿದ್ಯುತ್ ತಾಗಿಸಿ, ಮೈಯ ಯಾವ ಭಾಗಕ್ಕೆ ಅಲ್ಲಿ ಎಷ್ಟು ಜಾಗ ಇದೆ ಎಂದು ಗುರುತು ಹಾಕಿ 1937ರಲ್ಲಿ ಪ್ರಕಟಿಸಿದರು. ತುಟಿಗೆ ಸಿಕ್ಕ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಜಾಸ್ತಿ! ಹಾಗಾಗಿಯೇ ಬೆನ್ನ ಮೇಲೆ ಗುಳ್ಳೆ ಎದ್ದರೆ ಎರಡು ದಿನ ಗೊತ್ತೇ ಆಗುವುದಿಲ್ಲ, ತುಟಿಯಲ್ಲಿ ಎಳ್ಳಷ್ಟು ಸಿಪ್ಪೆ ಎದ್ದರೆ ಮನಸ್ಸೆಲ್ಲ ಅಲ್ಲೇ. ನಾಲಿಗೆ ಹೋಗಿ ಸವರುತ್ತದೆ. ಸವರಿದ ತಕ್ಷಣ ಹಾಯೆನಿಸುತ್ತದೆ, ಎರಡು ನಿಮಿಷಕ್ಕೆ ಆ ಎಂಜಲು ಆರುತ್ತದೆ, ತುಟಿ ಮೊದಲಿಗಿಂತ ಬಿಗಿಯುತ್ತದೆ, ನಾಲಿಗೆ ಮತ್ತೆ ಹೊರಡುತ್ತದೆ. ಎಂಜಲು ಇರುವುದು ಅಗಿದದ್ದನ್ನು ಕರಗಿಸುವುದಕ್ಕೆ, ಅದನ್ನು ಆ ತೆಳು ಚರ್ಮಕ್ಕೆ ದಿನಕ್ಕೆ ನೂರು ಸಲ ಬಳಿದರೆ ಅದು ತಡೆದೀತೇ? ನನ್ನ ತಮ್ಮನ ಮಗಳಿಗೆ ಬಾಯಿ ಸುತ್ತ ಕೆಂಪು ಬಳೆ ಇಟ್ಟು ಒತ್ತಿದ ಹಾಗೆ ಗುರುತಾಗಿತ್ತು. ಹುಳುಕಡ್ಡಿ ಅಂದರು, ಮುಲಾಮು ಹಚ್ಚಿದರು, ಹೋಗಲಿಲ್ಲ. ಆಮೇಲೆ ಗಮನಿಸಿದರೆ, ಅವಳ ನಾಲಿಗೆ ಎಲ್ಲಿಯವರೆಗೆ ಎಟುಕುತ್ತದೋ ಸರಿಯಾಗಿ ಅಲ್ಲಿಗೆ ಆ ಕೆಂಪು ನಿಂತಿತ್ತು. ಒಂದು ಕೂದಲೆಳೆಯೂ ಆಚೆ ಹೋಗಿರಲಿಲ್ಲ.

ನನ್ನ ಪಾಡು ನೋಡಲಾಗದೆ ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ತುಟಿ ನೋಡುವ ಮೊದಲು ನನ್ನ ಚೀಲ ನೋಡಿದರು. "ಏನೇನು ಹಚ್ಚುತ್ತೀರೋ ಎಲ್ಲ ಮೇಜಿನ ಮೇಲೆ ಇಡಿ" ಎಂದರು. ಮೂರು ಲಿಪ್ ಬಾಮ್ ಇಟ್ಟೆ. ಒಂದೊಂದನ್ನೇ ಮೂಸಿ ಪಕ್ಕಕ್ಕೆ ಸರಿಸಿದರು. ಒಂದರಲ್ಲಿ ಮೆಂಥಾಲ್, ಒಂದರಲ್ಲಿ ಕರ್ಪೂರ, ಮತ್ತೊಂದರಲ್ಲಿ ಘಮಘಮ ಸುವಾಸನೆ. ಹಚ್ಚಿದಾಗ ಚುಮುಚುಮು ಎನ್ನುತ್ತದಲ್ಲ, ಅದು ಕೆಲಸ ಮಾಡುತ್ತಿದೆ ಎಂದು ನಾನು ಖುಷಿಪಡುತ್ತಿದ್ದೆ. ಒಡೆದ ತುಟಿಯನ್ನು ಅದು ಕೆರಳಿಸುತ್ತಿತ್ತು, ಕೆರಳಿದ ತುಟಿ ಇನ್ನಷ್ಟು ಬಾಮ್ ಕೇಳುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಯಾವ ಟೂತ್‌ಪೇಸ್ಟ್ ಎಂದೂ ಕೇಳಿದರು, ಅದರಲ್ಲಿರುವ ಪುದೀನ ವಾಸನೆ ಮತ್ತು ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ಕೆಲವರ ತುಟಿಗೆ ಆಗುವುದಿಲ್ಲವಂತೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೀರಾ ಎಂದರು, ಅದನ್ನು ತೆಗೆದುಕೊಳ್ಳುವವರಲ್ಲಿ ಹೆಚ್ಚುಕಡಿಮೆ ಎಲ್ಲರ ತುಟಿಯೂ ಒಣಗುತ್ತದೆ.

ಬರೆದುಕೊಟ್ಟಿದ್ದು ಬರೀ ಪೆಟ್ರೋಲಿಯಂ ಜೆಲ್ಲಿ. ವಾಸನೆ ಇಲ್ಲ, ಬಣ್ಣ ಇಲ್ಲ, ರಾಬರ್ಟ್ ಚೀಸ್‌ಬರೋ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಅದೇ ಹಳೆಯ ಜಿಡ್ಡು. ಅದು ತುಟಿಗೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ಮುಚ್ಚಳ ಹಾಕುತ್ತದೆ. ಆದ್ದರಿಂದ ಮುಖ ತೊಳೆದು, ತುಟಿ ಇನ್ನೂ ಹಸಿ ಇರುವಾಗಲೇ ದಪ್ಪಗೆ ಹಚ್ಚಬೇಕು. ಸಿಪ್ಪೆ ಎದ್ದರೆ ಕೀಳಬಾರದು, ತಾನಾಗಿ ಬೀಳಲಿ ಎಂದು ಬಿಡಬೇಕು. ಇದು ಹೇಳಿದಷ್ಟು ಸುಲಭ ಅಲ್ಲ, ಮೊದಲ ನಾಲ್ಕು ದಿನ ಕೈಯನ್ನು ಕಟ್ಟಿಹಾಕಿಕೊಂಡ ಹಾಗಿತ್ತು. ಮೂರು ವಾರಕ್ಕೆ ತುಟಿ ಸರಿಹೋಯಿತು. ಕಪ್ಪು ಇಳಿಯಲು ತಿಂಗಳುಗಳೇ ಬೇಕಾದವು.

ನಿಮ್ಮ ಬರಹದಲ್ಲಿ ಕಟಬಾಯಿ ಹುಣ್ಣಿಗೆ ವಿಟಮಿನ್ ಮಾತ್ರೆ ಸಾಕು ಎಂಬ ಸಾಲೂ ಇತ್ತು. ಕಬ್ಬಿಣ ಅಥವಾ ಬಿ2 ಕಡಿಮೆಯಾದರೆ ಬಾಯಿಯ ಮೂಲೆ ಸೀಳುವುದುಂಟು, ಆದರೆ ಆ ಮಡಿಕೆಯಲ್ಲಿ ಎಂಜಲು ನಿಂತು ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಬೆಳೆದರೂ ಆಗುತ್ತದೆ. ಸರಿಯಾಗಿ ಕೂರದ ಹಲ್ಲಿನ ಸೆಟ್ ಇರುವ ವಯಸ್ಸಾದವರಲ್ಲಿ ಇದು ತುಂಬಾ. ಅವರಿಗೆ ಮಾತ್ರೆ ಕೊಟ್ಟು ಏನು ಬಂತು?

ಬರೆಯಲೇಬೇಕಿದ್ದು ಬಿಸಿಲಿನ ಬಗ್ಗೆ, ಅದರ ಸುದ್ದಿಯೇ ಇರಲಿಲ್ಲ. ಕೆಳತುಟಿ ಮುಂದಕ್ಕೆ ಚಾಚಿಕೊಂಡು ಆಕಾಶಕ್ಕೆ ಮುಖ ಮಾಡಿರುತ್ತದೆ, ವರ್ಷಗಟ್ಟಲೆ ಬಿಸಿಲು ಅದರ ಮೇಲೆ ನೇರ ಬೀಳುತ್ತದೆ. ತುಟಿಯ ಕ್ಯಾನ್ಸರ್‌ನಲ್ಲಿ ಸುಮಾರು 90% ಕೆಳತುಟಿಯಲ್ಲೇ ಬರುವುದು, ತಂಬಾಕೂ ಜೊತೆಗಿದ್ದರೆ ಅಪಾಯ ಇನ್ನೂ ಜಾಸ್ತಿ. ತುಟಿ ಮತ್ತು ಚರ್ಮದ ನಡುವಿನ ಗೆರೆ ಮಸುಕಾಗುತ್ತಾ ಬಂದರೆ, ಬೆಳ್ಳಗಿನ ಒರಟು ಮಚ್ಚೆ ಕಂಡರೆ, ಒಂದೇ ಜಾಗದಲ್ಲಿ ಹುಣ್ಣಾಗಿ ಮೂರು ವಾರಕ್ಕೂ ಮಾಯದಿದ್ದರೆ ಲಿಪ್ ಬಾಮ್ ಹುಡುಕದೆ ಡಾಕ್ಟರಿಗೆ ತೋರಿಸಬೇಕು. ಬಿಸಿಲಲ್ಲಿ ಓಡಾಡುವವರು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಮೇಲಿನ ಬಾಮ್ ಹಚ್ಚಿ, ತಿಂದು ಕುಡಿದು ಅಳಿಸಿಹೋದಾಗ ಮತ್ತೆ ಹಚ್ಚಿಕೊಳ್ಳಬೇಕು. ಕ್ರೀಮನ್ನು ಮುಖಕ್ಕೆಲ್ಲ ಬಳಿದು ತುಟಿಯನ್ನು ಮಾತ್ರ ಬಿಡುವವರೇ ಹೆಚ್ಚು.

ಮುಂದಿನ ವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ, ಚರ್ಮವೈದ್ಯರೊಬ್ಬರಿಂದ ಬರೆಸಿದರೆ ಇನ್ನೂ ಒಳ್ಳೆಯದು. ನನ್ನ ಆ ಟೂತ್‌ಬ್ರಷ್ ಇನ್ನೂ ಮನೆಯಲ್ಲೇ ಇದೆ, ಬಾಚಣಿಗೆ ತೊಳೆಯಲು ಚೆನ್ನಾಗಿ ಆಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು