‘ನೂರು ವರ್ಷದ ಮಳೆ’ ಮರುವರ್ಷವೂ ಬರಬಹುದು

ಮಾನ್ಯರೇ,

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಗತಿ. ‘ನೂರು ವರ್ಷಕ್ಕೊಮ್ಮೆ ಬರುವ ಮಳೆ ಬಂದು ಹೋಯಿತು, ಇನ್ನು ಚಿಂತೆಯಿಲ್ಲ’ ಎನ್ನುವವರು ಲೆಕ್ಕವನ್ನೇ ತಪ್ಪು ತಿಳಿದಿದ್ದಾರೆ. ಅದರ ಅರ್ಥ, ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ. ಹೋದ ವರ್ಷ ಸುರಿದೆನೆಂದು ಮಳೆ ಈ ವರ್ಷ ರಜೆ ಹಾಕುವುದಿಲ್ಲ. 30 ವರ್ಷ ಬಾಳುವ ಮನೆಗೆ ಒಮ್ಮೆಯಾದರೂ ಅಂಥ ಮಳೆ ಎದುರಾಗುವ ಸಾಧ್ಯತೆ ಶೇ 26.

ಒಂದು ಮಳೆ ಎಷ್ಟು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ತಿಳಿಯಲು, ಪ್ರತಿ ವರ್ಷದ ಅತಿ ಹೆಚ್ಚಿನ ಒಂದು ದಿನದ ಮಳೆಯನ್ನು ಇಳಿಕೆ ಕ್ರಮದಲ್ಲಿ ಬರೆದು, ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ, ಆ ಮಳೆಯ ಸ್ಥಾನದಿಂದ ಭಾಗಿಸುತ್ತಾರೆ. 40 ವರ್ಷದ ದಾಖಲೆಯಿದ್ದರೆ ಮೊದಲ ಸ್ಥಾನದ ಮಳೆಗೆ ಸಿಗುವುದು 41 ವರ್ಷ. ಅದರಾಚೆಯದೆಲ್ಲ ರೇಖೆ ಎಳೆದು ಮುಂದುವರಿಸಿದ ಅಂದಾಜು. ಮಳೆಮಾಪಕವನ್ನು ಓದಲಾಗದ ದಿನಕ್ಕೆ ಸೊನ್ನೆ ಬರೆದಿದ್ದರಂತೂ ಕೇಳುವುದೇ ಬೇಡ. ಮಾಪಕ ತುಂಬಿ ಹರಿಯುವುದು ಜೋರು ಮಳೆಯಲ್ಲೇ; ಆಗ ದೊಡ್ಡ ಮಳೆಯೇ ಲೆಕ್ಕದಿಂದ ತಪ್ಪಿಹೋಗುತ್ತದೆ.

ಚರಂಡಿಗೆ ದಿನದ ಲೆಕ್ಕ ಸಾಲದು. ಬೆಳಿಗ್ಗೆ 8.30ಕ್ಕೆ ದಾಖಲಾದ 100 ಮಿ.ಮೀ. ದಿನವಿಡೀ ಸುರಿದದ್ದಿರಬಹುದು, ಒಂದೇ ಗಂಟೆಯಲ್ಲಿ ಸುರಿದದ್ದೂ ಇರಬಹುದು. ರಸ್ತೆ ಹೊಳೆಯಾಗುವುದು ಎರಡನೆಯದಕ್ಕೆ. ಕಾಮಗಾರಿಯ ಅಂದಾಜುಪಟ್ಟಿಯಲ್ಲಿ 15 ನಿಮಿಷದ ಮಳೆಯ ಅಂಕಿ, ಅದು ಎಷ್ಟು ವರ್ಷದ ದಾಖಲೆಯಿಂದ ಬಂತು ಎಂಬುದನ್ನು ನಗರಸಭೆಗಳು ನಮೂದಿಸಲಿ.